ಅಸಲೂ ಹುಟ್ಟದ ಮರುಪಾವತಿ: ಅಮೆರಿಕದ ಔಷಧ ಮಧ್ಯವರ್ತಿಗಳು ಮತ್ತು ರಾಜ್ಯಗಳ ಕಾನೂನು

ಅಮೆರಿಕದಲ್ಲಿ ಔಷಧ ವಿಮೆಯ ವ್ಯವಹಾರ ನಡೆಸಿಕೊಡುವ ಮಧ್ಯವರ್ತಿ ಕಂಪನಿಗಳಿಗೆ ಫಾರ್ಮಸಿ ಬೆನಿಫಿಟ್ ಮ್ಯಾನೇಜರ್, ಅಂದರೆ ಪಿಬಿಎಂ ಎಂದು ಹೆಸರು. ರೋಗಿ ಯಾವ ಅಂಗಡಿಗೆ ಹೋಗಬೇಕು, ಆ ಅಂಗಡಿಗೆ ಎಷ್ಟು ಹಣ ಸಲ್ಲಬೇಕು ಎಂಬುದು ಬಹುಮಟ್ಟಿಗೆ ಇವುಗಳ ಕೈಯಲ್ಲಿದೆ. ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್ ಎಂಬ ಮೂರೇ ಕಂಪನಿಗಳು 2023ರಲ್ಲಿ ಸುಮಾರು ಶೇ. 80ರಷ್ಟು ಔಷಧ ಚೀಟಿಗಳನ್ನು ನಿರ್ವಹಿಸಿದವು ಎಂದು ಫೆಡರಲ್ ಟ್ರೇಡ್ ಕಮಿಷನ್‌ನ 2024ರ ಮಧ್ಯಂತರ ವರದಿ ಹೇಳುತ್ತದೆ. ಮೂರೂ ಸ್ವಂತ ಫಾರ್ಮಸಿಗಳಿರುವ ಸಮೂಹಗಳಿಗೆ ಸೇರಿದವು. ಹೀಗಾಗಿ ಸಣ್ಣ ಅಂಗಡಿಗೆ ದರ ಕಟ್ಟುವವರೇ ಅದರ ಪ್ರತಿಸ್ಪರ್ಧಿಗಳು. ರಾಜ್ಯಗಳಿಗೆ ದರ ನಿಯಂತ್ರಿಸುವ ಅಧಿಕಾರ ಸಿಕ್ಕರೂ ರೋಗಿಯನ್ನು ತನ್ನತ್ತ ತಿರುಗಿಸಿಕೊಳ್ಳುವ ಅಧಿಕಾರ ಪಿಬಿಎಂ ಬಳಿಯೇ ಉಳಿದರೆ ನ್ಯಾಯ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ಈ ಲೇಖನದ ವಾದ.

ಗಲ್ಲಾದ ಬಳಿ ನಡೆಯುವುದನ್ನು ನೋಡೋಣ. ಫಾರ್ಮಸಿಸ್ಟ್ ಚೀಟಿಯ ವಿವರವನ್ನು ಕಂಪ್ಯೂಟರಿಗೆ ಕೊಟ್ಟ ಕೆಲವೇ ಕ್ಷಣಗಳಲ್ಲಿ ರೋಗಿ ಕೊಡಬೇಕಾದ ಪಾಲು, ಅಂಗಡಿಗೆ ಸಲ್ಲುವ ಮೊತ್ತ ಎರಡೂ ಪರದೆಗೆ ಬರುತ್ತವೆ. ಜೆನೆರಿಕ್ ಔಷಧಗಳಿಗೆ ಈ ಮೊತ್ತ ಹುಟ್ಟುವುದು ಪಿಬಿಎಂ ತಾನೇ ತಯಾರಿಸುವ ‘ಮ್ಯಾಕ್’ (ಗರಿಷ್ಠ ಅನುಮತಿತ ಬೆಲೆ) ದರಪಟ್ಟಿಯಿಂದ. ಸಗಟು ವ್ಯಾಪಾರಿಯಿಂದ 40 ಡಾಲರಿಗೆ ಕೊಂಡ ಬಾಟಲಿಗೆ ಪರದೆ 31 ಡಾಲರ್ ತೋರಿಸಿತು ಎಂದಿಟ್ಟುಕೊಳ್ಳಿ. ಲಾಭದ ಮಾತಿರಲಿ, ಅಸಲೂ ಹುಟ್ಟಲಿಲ್ಲ. ಡಬ್ಬಿಯ ಮೇಲೆ ಎಂಆರ್‌ಪಿ ನೋಡಿ ರೂಢಿಯಾದ ನಮಗೆ ಇದು ವಿಚಿತ್ರವೆನಿಸಬಹುದು. ಅದೇ ಔಷಧಕ್ಕೆ ಪಿಬಿಎಂ ವಿಮಾ ಯೋಜನೆಯಿಂದ 45 ಡಾಲರ್ ವಸೂಲಿ ಮಾಡಿ ನಡುವಿನ 14 ಡಾಲರನ್ನು ಇಟ್ಟುಕೊಳ್ಳಲೂ ಸಾಧ್ಯ. ಇದು ಬರಿಯ ಊಹೆಯಲ್ಲ. ಓಹಿಯೊ ರಾಜ್ಯದ ಲೆಕ್ಕ ಪರಿಶೋಧಕರು 2018ರಲ್ಲಿ ಮೆಡಿಕೇಡ್ ಲೆಕ್ಕ ತೆಗೆದಾಗ, ಒಂದೇ ವರ್ಷದಲ್ಲಿ ಇಂಥ ಅಂತರದ ಮೊತ್ತ 22.48 ಕೋಟಿ ಡಾಲರ್ ಆಗಿತ್ತು. ಜೆನೆರಿಕ್ ಔಷಧಗಳಲ್ಲಿ ಅಂತರ ಶೇ. 31.4. ಬಡವರ ಚಿಕಿತ್ಸೆಗೆಂದು ತೆಗೆದಿಟ್ಟ ಸಾರ್ವಜನಿಕ ಹಣವದು.

ಅಸಲಿಗಿಂತ ಕಡಿಮೆ ಮರುಪಾವತಿಯನ್ನು ತಡೆಯಲು ಆರ್ಕನ್ಸಾ ರಾಜ್ಯ 2015ರಲ್ಲೇ 900ನೆಯ ಕಾಯ್ದೆಯನ್ನು ತಂದಿತ್ತು. ಮರುಪಾವತಿ ಖರೀದಿ ಬೆಲೆಗಿಂತ ಕಡಿಮೆ ಇರಬಾರದು, ಸಗಟು ಬೆಲೆ ಏರಿದರೆ ಪಟ್ಟಿಯನ್ನು ಬೇಗ ತಿದ್ದಬೇಕು, ಅಂಗಡಿಯವರಿಗೆ ಮೇಲ್ಮನವಿಯ ಹಕ್ಕಿರಬೇಕು, ನಷ್ಟವಾಗುವ ಔಷಧವನ್ನು ಕೊಡಲು ಅವರು ನಿರಾಕರಿಸಬಹುದು ಎಂಬವು ಅದರ ಮುಖ್ಯ ಅಂಶಗಳು. ಉದ್ಯೋಗದಾತರ ಯೋಜನೆಗಳನ್ನು ನಿಯಂತ್ರಿಸುವ 1974ರ ಕೇಂದ್ರ ಕಾನೂನಾದ ‘ಎರಿಸಾ’ ರಾಜ್ಯದ ಕಾನೂನನ್ನು ಮೀರುತ್ತದೆ ಎಂದು ಪಿಬಿಎಂಗಳ ಸಂಘ ಇದನ್ನು ಪ್ರಶ್ನಿಸಿತು. 2020ರ ಡಿಸೆಂಬರ್ 10ರಂದು ರಟ್‌ಲೆಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 8-0ರಿಂದ ರಾಜ್ಯದ ಪರ ನಿಂತಿತು. ನ್ಯಾಯಮೂರ್ತಿ ಸೊಟೊಮಯೋರ್ ಬರೆದ ತೀರ್ಪಿನ ಪ್ರಕಾರ, ಯೋಜನೆಯ ಖರ್ಚು ಹೆಚ್ಚಿತೆಂಬ ಮಾತ್ರಕ್ಕೆ ರಾಜ್ಯದ ಕಾನೂನು ಬಿದ್ದುಹೋಗದು. ಫಾರ್ಮಸಿಸ್ಟ್ ಔಷಧ ನಿರಾಕರಿಸಿದರೆ ಮೊದಲ ಹೊಣೆ ಅಸಲಿಗಿಂತ ಕಡಿಮೆ ಕೊಟ್ಟ ಪಿಬಿಎಂನದೇ ಎಂದದ್ದು ನನಗೆ ಆ ತೀರ್ಪಿನ ಅತ್ಯಂತ ಮಾನವೀಯ ಭಾಗವಾಗಿ ಕಾಣುತ್ತದೆ.

ಓಕ್ಲಹೋಮಾ 2019ರ ಕಾಯ್ದೆಯಲ್ಲಿ ಇನ್ನೂ ಮುಂದೆ ಹೋಗಿತ್ತು. ಷರತ್ತಿಗೆ ಒಪ್ಪುವ ಯಾವುದೇ ಫಾರ್ಮಸಿಯನ್ನು ಆದ್ಯತಾ ಜಾಲಕ್ಕೆ, ಅಂದರೆ ವಿಮಾ ಯೋಜನೆ ಮುಂದಿಡುವ ಅಂಗಡಿಗಳ ಗುಂಪಿಗೆ, ಸೇರಿಸಬೇಕು, ರಿಯಾಯಿತಿ ತೋರಿಸಿ ರೋಗಿಯನ್ನು ನಿರ್ದಿಷ್ಟ ಅಂಗಡಿಗೆ ಸೆಳೆಯಬಾರದು ಎಂದಿತ್ತು. ಇದನ್ನು ಪ್ರಶ್ನಿಸಿದ ಮಲ್‌ರೆಡಿ ಪ್ರಕರಣದಲ್ಲಿ ಹತ್ತನೆಯ ಸರ್ಕ್ಯೂಟ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಈ ನಿಯಮಗಳನ್ನು ಅಸಿಂಧುಗೊಳಿಸಿತು. ದರ ಬೇರೆ, ಜಾಲದ ರಚನೆ ಬೇರೆ, ಜಾಲವೆಂದರೆ ಯೋಜನೆಯ ಒಡಲೇ ಎಂಬುದು ಅದರ ತರ್ಕ. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಈ ವಿಂಗಡಣೆ ಕಾಗದದ ಮೇಲಷ್ಟೇ ಸಲೀಸು. ಗಿರಾಕಿಯೇ ಬಾರದ ಅಂಗಡಿಗೆ ನ್ಯಾಯವಾದ ದರದಿಂದ ಆಗುವ ಪ್ರಯೋಜನವೇನು?

ಆರ್ಕನ್ಸಾ 2025ರಲ್ಲಿ ಮತ್ತೊಂದು ದಾರಿ ಹಿಡಿದು, ಪಿಬಿಎಂಗಳು ಫಾರ್ಮಸಿ ಹೊಂದುವುದನ್ನೇ ನಿಷೇಧಿಸುವ 624ನೆಯ ಕಾಯ್ದೆಯನ್ನು ತಂದಿತು. ಹೊರ ರಾಜ್ಯಗಳ ಕಂಪನಿಗಳ ವಿರುದ್ಧ ಅದು ತಾರತಮ್ಯ ಎಸಗುವಂತಿದೆ ಎಂಬುದನ್ನೂ ಪರಿಗಣಿಸಿ ಫೆಡರಲ್ ನ್ಯಾಯಾಧೀಶರು ಜುಲೈನಲ್ಲಿ ತಡೆಯಾಜ್ಞೆ ನೀಡಿದರು.

ದರದ ವಿಷಯದಲ್ಲೂ ಅಸಲು ಕೈಗೆ ಬಂದರೆ ಸಾಲದು. ಚೀಟಿ ಪರಿಶೀಲಿಸುವ, ಅಡ್ಡಪರಿಣಾಮ ವಿವರಿಸುವ ದುಡಿಮೆಗೆ ಬೆಲೆಯಿದೆ. ಪಶ್ಚಿಮ ವರ್ಜೀನಿಯಾ 2021ರಲ್ಲಿ ಇದನ್ನು ಗುರುತಿಸಿ, ರಾಷ್ಟ್ರೀಯ ಸರಾಸರಿ ಖರೀದಿ ಬೆಲೆಯ ಮೇಲೆ ಪ್ರತಿ ಚೀಟಿಗೆ 10.49 ಡಾಲರ್ ವೃತ್ತಿ ಶುಲ್ಕವನ್ನು ಕಾನೂನಿನಲ್ಲೇ ಸೇರಿಸಿತು. ರಟ್‌ಲೆಜ್ ತೀರ್ಪು ಒದಗಿಸಿದ ಅವಕಾಶವನ್ನು ಪೂರ್ತಿಯಾಗಿ ಬಳಸಿಕೊಳ್ಳಬಯಸುವ ರಾಜ್ಯಗಳು ಮೊದಲು ಹಿಡಿಯಬೇಕಾದ ಮಾದರಿ ಇದೇ.