ಬಸ್ರಾಕ್ಕೆ ಹೋದವರು

ಶಬೆ ಬರಾತಿನ ರಾತ್ರಿ ನಮ್ಮ ಮನೆಯಲ್ಲಿ ಫಾತಿಹಾ ಓದುವ ಮುಂಚೆ ತೀರಿಕೊಂಡ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುವ ರೂಢಿಯಿತ್ತು. ಒಂದು ಹೆಸರು ಬಂದಾಗ ಮಾತ್ರ ಅಜ್ಜನ ದನಿ ತಡೆಯುತ್ತಿತ್ತು. ಅದು ಅಜ್ಜನ ತಂದೆಯ ಹೆಸರು. ಅಜ್ಜನ ತಾಯಿ ಬದುಕಿರುವವರೆಗೂ ಆ ಹೆಸರನ್ನು ಸತ್ತವರ ಸಾಲಿನಲ್ಲಿ ಸೇರಿಸಲು ಬಿಟ್ಟಿರಲಿಲ್ಲವಂತೆ. "ಮೌತ್ ಕಿ ಖಬರ್ ಆಯೀಚ್ ನೈಂ" ಎನ್ನುತ್ತಿದ್ದರಂತೆ. ಸತ್ತ ಸುದ್ದಿಯೇ ಬಂದಿಲ್ಲ, ಸತ್ತವರೆಂದು ಹೇಗೆ ಹೇಳುವುದು?

ನಮ್ಮ ಪರದಾದಾ ಮೊದಲ ಮಹಾಯುದ್ಧದ ಕಾಲದಲ್ಲಿ 'ಬಸ್ರಾ'ಕ್ಕೆ ಹೋದವರು. ಇಂದಿನ ಇರಾಕ್, ಅಂದಿನ ಮೆಸೊಪೊಟೇಮಿಯಾ, ಆ ಕಾಲದ ನಮ್ಮ ಹಿರಿಯರ ಬಾಯಲ್ಲಿ ಬರೀ ಬಸ್ರಾ. ಹೋದಾಗ ಅಜ್ಜ ಮೊಲೆಹಾಲು ಕುಡಿಯುವ ಕೂಸು. ಮರಳಿ ಬರಲಿಲ್ಲ. ನಾವು ಅಣ್ಣತಮ್ಮಂದಿರು ಮತ್ತು ಚಿಕ್ಕಪ್ಪನ ಮಕ್ಕಳು ಸೇರಿ ಅವರ ಸಾವಿನ ದಾಖಲೆಯನ್ನೂ ಖಬರನ್ನೂ ಹುಡುಕಲು ಹೊರಟೆವು.

ಮೊದಲು ಬಿದ್ದುಹೋದದ್ದು ಮನೆತನದ ಹೆಮ್ಮೆ. ಪರದಾದಾ ಮಹಾರಾಜರ ಕುದುರೆ ಪಡೆಯ ಸವಾರರಾಗಿದ್ದರೆಂದು ನಾವು ಚಿಕ್ಕಂದಿನಿಂದ ಕೇಳಿದ್ದೆವು. ಆದರೆ ಮೈಸೂರು ಲ್ಯಾನ್ಸರ್ಸ್ ಪಡೆ ಕಾದಾಡಿದ್ದು ಈಜಿಪ್ಟ್ ಮತ್ತು ಪ್ಯಾಲೆಸ್ತೀನಿನಲ್ಲಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದವರು ಅವರು. ಬಸ್ರಾದ ದಾರಿಯೇ ಬೇರೆ, ಹೈಫಾದ ದಾರಿಯೇ ಬೇರೆ.

ಎರಡನೆಯ ಸುಳಿವು ಕೊಟ್ಟವರು ಎಂಬತ್ತು ದಾಟಿದ ನಮ್ಮ ದೊಡ್ಡ ಫುಪ್ಪು. ಅವರು ಮಕ್ಕಳಾಗಿದ್ದಾಗ ಮನೆಯಲ್ಲೊಂದು ಬಿಲ್ಲೆಯಿತ್ತಂತೆ. ಒಂದು ಬದಿಗೆ ರಾಜನ ಮುಖ, ಇನ್ನೊಂದು ಬದಿಗೆ ಕುದುರೆಯ ಮೇಲೆ ಬೆತ್ತಲೆ ಮನುಷ್ಯ. ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಟಪಾಲಿನಲ್ಲಿ ಬಂದದ್ದು. ಜೊತೆಗಿದ್ದ ಕಾಗದವನ್ನು ಯಾರೋ ಓದಿ 'ಸರ್ಕಾರದ ಇನಾಮು' ಎಂದು ಹೇಳಿ ಹೋದರಂತೆ. ಮಕ್ಕಳು ಆ ಬಿಲ್ಲೆಯನ್ನು ಬುಗುರಿಯಂತೆ ತಿರುಗಿಸಿ ಆಡಿ ಕಳೆದರು. "ಬೆಳ್ಳಿಯದಾ?" ಎಂದು ಕೇಳಿದೆವು. "ಬೆಳ್ಳಿಯಾಗಿದ್ದರೆ ನಿಮ್ಮ ದಾದಿ ಆಡಲು ಕೊಡುತ್ತಿದ್ದರಾ? ತಾಂಬೇಕಾ ಥಾ" ಎಂದು ನಕ್ಕರು.

ಫುಪ್ಪುವಿನ ಆ ನಗೆಯಲ್ಲಿ ಒಂದು ದಾಖಲೆಯಿತ್ತು. ಅವರು ಹೇಳಿದ ಗುರುತು ಬ್ರಿಟಿಷ್ ವಾರ್ ಮೆಡಲ್‌ನದು. ಸೈನಿಕರಿಗೆ ಅದನ್ನು ಬೆಳ್ಳಿಯಲ್ಲಿ ಕೊಟ್ಟರು. ಕೂಲಿ ದಳಗಳಂಥ ತುಕಡಿಗಳಲ್ಲಿ ದುಡಿದ ಭಾರತೀಯರಿಗೆ, ಚೀನೀಯರಿಗೆ, ಮಾಲ್ಟಾದವರಿಗೆ ಕೊಟ್ಟದ್ದು ಕಂಚಿನದು. ಹಾಗಾದರೆ ನಮ್ಮ ಪರದಾದಾ ಸವಾರರಲ್ಲ, ಬಹುಶಃ ಸಿಪಾಯಿಯೂ ಅಲ್ಲ. ಮೂಟೆ ಹೊತ್ತವರು, ರಸ್ತೆ ಹಾಕಿದವರು, ಇಲ್ಲವೇ ದೋಣಿಯಿಂದ ಸಾಮಾನು ಇಳಿಸಿದವರು. ಭಾರತದಿಂದ ಮೆಸೊಪೊಟೇಮಿಯಾಕ್ಕೆ ಹೋದವರು ಸುಮಾರು 5,88,000 ಮಂದಿ. ಅವರಲ್ಲಿ ಅರ್ಧದಷ್ಟು ಜನ ಬಂದೂಕು ಹಿಡಿಯದ ಇಂಥ 'ಫಾಲೋಯರ್'ಗಳೇ. ಬಿಲ್ಲೆಯ ಅಂಚಿನಲ್ಲಿ ಪಡೆದವರ ಹೆಸರು, ದಳ ಕೊರೆದಿರುತ್ತಿತ್ತು. ನಮ್ಮ ಹಿರಿಯರ ಒಂದೇ ಒಂದು ಕಾಗದಪತ್ರ ಆ ಅಂಚಿನಲ್ಲಿತ್ತು. ಅದನ್ನು ಬುಗುರಿ ಮಾಡಿ ಆಡಿದ್ದೆವು.

ಇಷ್ಟೆಲ್ಲ ಹುಡುಕಾಟ ಏಕೆ ಎಂದು ಓದುಗರು ಕೇಳಬಹುದು. ಸತ್ತವರಿಗೆ ದಾಖಲೆ ಬೇಡ. ಬೇಕಾಗಿದ್ದದ್ದು ಬದುಕಿದ್ದವರಿಗೆ. ಗಂಡ ತೀರಿಕೊಂಡ ಹೆಂಗಸಿಗೆ ಶರೀಅತ್ತು ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಹೇಳಿದೆ. ಅದು ಮುಗಿದರೆ ಅವಳು ಮತ್ತೊಂದು ಬದುಕು ಕಟ್ಟಿಕೊಳ್ಳಬಹುದು. ಆದರೆ ಗಂಡ ಸತ್ತನೋ ಇದ್ದಾನೋ ತಿಳಿಯದಿದ್ದರೆ? ಅಂಥವನನ್ನು ಫಿಖ್‌ಹ್‌ನಲ್ಲಿ 'ಮಫ್ಖೂದ್' ಎನ್ನುತ್ತಾರೆ. ಹಳೆಯ ಹನಫಿ ಅಭಿಪ್ರಾಯದಂತೆ ಅವನ ಓರಗೆಯವರೆಲ್ಲ ತೀರಿಕೊಳ್ಳುವವರೆಗೆ ಹೆಂಡತಿ ಕಾಯಬೇಕು. ಕೆಲವರು ಅದನ್ನು ಅವನಿಗೆ ತೊಂಬತ್ತು ವರ್ಷ ತುಂಬುವವರೆಗೆ ಎಂದು ಲೆಕ್ಕ ಹಾಕಿದರು. ಮಾಲಿಕಿ ಪಂಥದಲ್ಲಿ ನಾಲ್ಕು ವರ್ಷ ಸಾಕು. ಮೌಲಾನಾ ಅಶ್ರಫ್ ಅಲಿ ಥಾನವಿಯವರು 1930ರ ದಶಕದಲ್ಲಿ ಇಂಥ ಹೆಂಗಸರ ಸಂಕಟ ಕಂಡು, ಮಾಲಿಕಿ ಅಭಿಪ್ರಾಯವನ್ನು ಹನಫಿಗಳೂ ಅನುಸರಿಸಬಹುದೆಂದು ಬರೆದರು. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಅದನ್ನೇ ಒಪ್ಪಿತು. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ಹೆಂಡತಿ ಬಿಡುಗಡೆ ಕೇಳಬಹುದಾಯಿತು. ಆ ಹೊತ್ತಿಗೆ ನಮ್ಮ ಪರದಾದಿಗೆ ನಲವತ್ತು ದಾಟಿತ್ತು. ಅವರು ಕರಿಮಣಿ ತೆಗೆಯಲಿಲ್ಲ, ಇದ್ದತ್ ಕೂರಲಿಲ್ಲ, ಮತ್ತೊಂದು ನಿಕಾಹ್ ಆಗಲಿಲ್ಲ. ಬೀಡಿ ಕಟ್ಟಿ ಮಗನನ್ನು ಬೆಳೆಸಿದರು. ಒಂದು ಸಾಲು ಬರೆದು ತಿಳಿಸಿದ್ದರೆ ಒಬ್ಬ ಹೆಂಗಸಿನ ಬದುಕು ಬೇರೆಯಾಗುತ್ತಿತ್ತೋ ಏನೋ.

ಆ ಸಾಲನ್ನು ಯಾರಾದರೂ ಎಲ್ಲಿಯಾದರೂ ಬರೆದಿದ್ದಾರೆಯೇ? ಯುದ್ಧದಲ್ಲಿ ಮಡಿದವರ ಲೆಕ್ಕ ಇಡುವುದು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ. 1917ರಲ್ಲಿ ಅದು ಹುಟ್ಟಿದಾಗ ಒಪ್ಪಿಕೊಂಡ ತತ್ವ ದೊಡ್ಡದು: ದರ್ಜೆ, ಜನಾಂಗ, ಧರ್ಮ ಎಂದು ಭೇದ ಎಣಿಸದೆ ಎಲ್ಲರನ್ನೂ ಸಮಾನವಾಗಿ ನೆನೆಯುವುದು. ಯುರೋಪಿನಲ್ಲಿ ಆ ಮಾತು ಬಹುಮಟ್ಟಿಗೆ ನಡೆಯಿತು. ಫ್ರಾನ್ಸಿನ ನವ್ ಶಪೆಲ್ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಇಂಗ್ಲೆಂಡಿನಲ್ಲಿ ಮುಸ್ಲಿಂ ಸಿಪಾಯಿಗಳನ್ನು ಸರಿಯಾಗಿ ದಫನ್ ಮಾಡುತ್ತಿಲ್ಲವೆಂದು ಜರ್ಮನ್ನರು ಪ್ರಚಾರ ಮಾಡಿದಾಗ, ವೋಕಿಂಗ್ ಊರಿನ ಷಾಹಜಹಾನ್ ಮಸೀದಿಯ ಬಳಿ ಅವರಿಗೆಂದೇ ಗುಮ್ಮಟದ ಬಾಗಿಲಿನ ಖಬರಸ್ತಾನ ಕಟ್ಟಿಸಿದರು. ಜಗತ್ತು ನೋಡುತ್ತಿದ್ದಾಗ ಸಾಮ್ರಾಜ್ಯಕ್ಕೆ ನಮ್ಮ ಸಾವಿನ ಕ್ರಮ ಗೊತ್ತಿತ್ತು.

ಇರಾಕಿನಲ್ಲಿ ನೋಡುವವರಿರಲಿಲ್ಲ. 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕ ನೆನೆಯುವುದು 40,500ಕ್ಕೂ ಹೆಚ್ಚು ಮಂದಿಯನ್ನು. ಅವರಲ್ಲಿ ಬಹುಪಾಲು ಭಾರತೀಯರು. ಗೋಡೆಯ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಭಾರತೀಯ ಸಿಪಾಯಿಗಳದು ದಳದ ಹೆಸರಿನ ಕೆಳಗೆ ಬರೀ ಸಂಖ್ಯೆ. ಅಮಾರಾದ ಎಡದಂಡೆಯ ಭಾರತೀಯ ಖಬರಸ್ತಾನದಲ್ಲಿ ಸುಮಾರು 5,000 ಮಂದಿ ಮಲಗಿದ್ದಾರೆ. ದಫನಿನ ಸರಿಯಾದ ದಾಖಲೆ ಇಡದ ಕಾರಣ ಗುರುತು ಸಿಕ್ಕಿರುವುದು ಒಂಬತ್ತು ಮಂದಿಯದು ಮಾತ್ರ. ಅದೇ ಊರಿನ ಇನ್ನೊಂದು ಯುದ್ಧ ಸ್ಮಶಾನದಲ್ಲಿ ಮಣ್ಣಿನ ಉಪ್ಪು ಕಲ್ಲುಗಳನ್ನೇ ತಿಂದದ್ದರಿಂದ 1933ರಲ್ಲಿ ಕಲ್ಲುಗಳನ್ನು ಕಿತ್ತು, ಹೆಸರುಗಳನ್ನು ಗೋಡೆಗೆ ಹಾಕಿದರು. ಉಪ್ಪು ತಿನ್ನಲಿಕ್ಕಾದರೂ ಮೊದಲು ಹೆಸರು ಬರೆದಿರಬೇಕಲ್ಲ!

2021ರಲ್ಲಿ ಆಯೋಗವೇ ಒಂದು ವರದಿ ಹೊರಡಿಸಿ ತಪ್ಪೊಪ್ಪಿಕೊಂಡಿತು. ಭಾರತ, ಆಫ್ರಿಕಾ, ಈಜಿಪ್ಟ್ ಕಡೆಯ 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ನೆನೆಯಲಾಗಿದೆ. ಇನ್ನೂ ಕನಿಷ್ಠ 1,16,000 ಮಂದಿಯನ್ನು, ಬಹುಶಃ 3,50,000ದಷ್ಟು ಮಂದಿಯನ್ನು, ಹೆಸರು ಹಿಡಿದು ನೆನೆದೇ ಇಲ್ಲ. ಬ್ರಿಟಿಷ್ ಸಂಸತ್ತಿನಲ್ಲಿ ಸರ್ಕಾರ ಕ್ಷಮೆ ಕೇಳಿತು. ಅದೇ ವರ್ಷ ಲಾಹೋರ್ ಮ್ಯೂಸಿಯಮಿನಲ್ಲಿ ತೊಂಬತ್ತೇಳು ವರ್ಷ ಮಲಗಿದ್ದ ಸುಮಾರು 3,20,000 ಪಂಜಾಬಿ ಸೈನಿಕರ ಕಡತಗಳು ಹೊರಬಂದು, ಮೊದಲ ಕೆಲವು ಜಿಲ್ಲೆಗಳ ವಿವರ ಅಂತರ್ಜಾಲ ಸೇರಿತು. ಊರೂರಿನ ಹೆಸರು ಸಮೇತ ಬರೆದಿಟ್ಟ ಕಡತಗಳವು. ಅವುಗಳನ್ನು ನೋಡಿ ನಮಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಆಯೋಗದ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಹುಡುಕಬಹುದು. ಹುಡುಕುವವರಿಗೆ ನಮ್ಮ ಅನುಭವದ ಒಂದು ಮಾತು: ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಶೇಖ್, ಶೈಖ್, ಶೇಕ್. ಹುಸೇನ್, ಹುಸೈನ್, ಹೊಸೇನ್ ಎಂದು ಎಲ್ಲ ಕಾಗುಣಿತದಲ್ಲೂ ನೋಡಬೇಕು. ಹೆಸರಿಗಿಂತ ತಂದೆಯ ಹೆಸರು, ಊರು, ತಾಲ್ಲೂಕು ಹೆಚ್ಚು ಕೆಲಸಕ್ಕೆ ಬರುತ್ತವೆ. ಪರದಾದಾರ ಹೆಸರಿನವರು ನಮಗೆ ಹಲವರು ಸಿಕ್ಕರು. ತಂದೆಯ ಹೆಸರೂ ಊರೂ ಕೂಡಿ ಬಂದವರು ಒಬ್ಬರೂ ಸಿಗಲಿಲ್ಲ.

ಫುಪ್ಪುವಿಗೆ ಇದನ್ನು ಹೇಳಿದಾಗ ಅವರು ಬೇಸರಪಡಲಿಲ್ಲ. "ಅವರದು ಬಿಡಿ, ಅಷ್ಟು ದೂರ. ನನ್ನ ದಾದಿಯ ಖಬರ್ ಎಲ್ಲಿದೆ, ತೋರಿಸಿ ನೋಡೋಣ" ಎಂದರು. ನಮಗೆ ಉತ್ತರವಿರಲಿಲ್ಲ. ಪರದಾದಿಯನ್ನು ಮಣ್ಣು ಮಾಡಿದ್ದು ನಮ್ಮೂರಿನ ಖಬರಸ್ತಾನದಲ್ಲೇ, ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿ. ಬೇಲದ ಮರದ ಹತ್ತಿರ ಎನ್ನುತ್ತಾರೆ ಕೆಲವರು. ಆ ಮರವೇ ಈಗಿಲ್ಲ. ತೀರಿಕೊಂಡ ವರ್ಷ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಜಮಾಅತಿನ ಕಚೇರಿಯಲ್ಲಿ ವಿಚಾರಿಸಿದೆವು. ಚಂದಾ ವಸೂಲಿಯ ಪುಸ್ತಕಗಳು ಹಳೆಯವೂ ಇವೆ. ದಫನಿನ ಪುಸ್ತಕ ಎಂಬುದು ಇರಲೇ ಇಲ್ಲ.

ಖಬರಿನ ಮೇಲೆ ಬರೆಯಬಾರದು, ಕಟ್ಟಡ ಕಟ್ಟಬಾರದು ಎಂಬ ಮಾತನ್ನು ನಾವು ಬಲ್ಲೆವು, ಒಪ್ಪುತ್ತೇವೆ. ಆದರೆ ಪುಸ್ತಕದಲ್ಲಿ ಬರೆಯಬೇಡಿ ಎಂದು ಯಾರೂ ಹೇಳಿಲ್ಲ. ಹದೀಸ್ ಸಂಗ್ರಹಕಾರರು ವರದಿಗಾರರ ಹುಟ್ಟು, ಸಾವು, ಊರು ಎಲ್ಲವನ್ನೂ ಬರೆದಿಟ್ಟು ಒಂದು ಶಾಸ್ತ್ರವನ್ನೇ ಕಟ್ಟಿದವರು. ಅಂಥವರ ಬೆನ್ನಿಗೆ ಬಂದ ನಾವು ಸಾಮ್ರಾಜ್ಯ ನಮ್ಮನ್ನು ಸಂಖ್ಯೆಯಾಗಿ ಬರೆಯಿತೆಂದು ದೂರುತ್ತೇವೆ. ನಮ್ಮ ಮೊಹಲ್ಲಾದ ಹೆಂಗಸರನ್ನು ನಾವು ಸಂಖ್ಯೆಯಾಗಿಯೂ ಬರೆಯಲಿಲ್ಲ.

ಈಗ ಮಸೀದಿಯಲ್ಲಿ ಒಂದು ದಪ್ಪ ಪುಸ್ತಕ ಇಟ್ಟಿದ್ದೇವೆ. ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ದಫನ್ ಆದ ದಿನ, ಖಬರಿನ ಜಾಗ. ವೃದ್ಧರನ್ನು ಕೂರಿಸಿ ನೆನಪಿದ್ದಷ್ಟು ಹಳೆಯ ಹೆಸರುಗಳನ್ನೂ ಬರೆಸುತ್ತಿದ್ದೇವೆ. ಮೊದಲ ಪುಟದಲ್ಲಿ ಪರದಾದಿಯ ಹೆಸರಿದೆ. ದಿನಾಂಕದ ಜಾಗ ಖಾಲಿ ಇದೆ. ಗಂಡನ ಹೆಸರಿನ ಮುಂದೆ 'ಮರ್ಹೂಮ್' ಎಂದು ಸೇರಿಸಬೇಕೇ ಬೇಡವೇ ಎಂದು ಬರೆಯುವವರು ಕೇಳಿದರು. ಫುಪ್ಪು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆಯಿರಿ, ಇನ್ನು ದಾದಿ ಬೇಡ ಅನ್ನಲಾರರು" ಎಂದರು.