ಸುಂಕದಕಟ್ಟೆಯಿಂದ ಫಾಸ್ಟ್ಯಾಗ್‌ವರೆಗೆ

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಟೋಲ್‌ಗೇಟ್, ಸುಂಕದಕಟ್ಟೆ ಎಂಬ ಹೆಸರುಗಳು ಪರಿಚಿತ. ಸುಂಕ ನಮ್ಮ ನಾಡಿಗೆ ಹೊಸದಲ್ಲ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ತೆರಿಗೆಗಳೂ ಸುಂಕವೆರ್ಗಡೆ ಎಂಬ ಅಧಿಕಾರಿಯೂ ನಮ್ಮ ಶಾಸನಗಳಲ್ಲಿ ಕಾಣಸಿಗುತ್ತವೆ. ಬ್ರಿಟಿಷ್ ಭಾರತದಲ್ಲಿ 1851ರ ಟೋಲ್ ಕಾಯಿದೆಯು ರಸ್ತೆ, ಸೇತುವೆಗಳ ಮೇಲಿನ ಸುಂಕಕ್ಕೆ ಕಾನೂನಿನ ರೂಪ ಕೊಟ್ಟಿತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಅವನಿಗೆ ಬೇಕಾದದ್ದು ಹಣ ಮಾತ್ರ. ಗಾಡಿ ಯಾರದೆಂದು ಅವನು ಕೇಳುತ್ತಿರಲಿಲ್ಲ. ಕಾಸು ಕೈಸೇರಿದೊಡನೆ ಸಂಬಂಧವೂ ಮುಗಿಯುತ್ತಿತ್ತು.

ಈ ಸ್ಥಿತಿ ಬದಲಾದುದು ನಮ್ಮ ಕಣ್ಣೆದುರಿಗೇ. ನಂದನ್ ನಿಲೇಕಣಿಯವರ ನೇತೃತ್ವದ ಸಮಿತಿಯು 2010ರಲ್ಲಿ ರೇಡಿಯೋ ತರಂಗಗಳಿಂದ ಗುರುತಿಸಬಲ್ಲ ಪಟ್ಟಿಯನ್ನು ಶಿಫಾರಸು ಮಾಡಿತು. 2014ರಲ್ಲಿ ಅಹಮದಾಬಾದ್–ಮುಂಬಯಿ ಹೆದ್ದಾರಿಯಲ್ಲಿ ಅದರ ಪ್ರಯೋಗ ನಡೆಯಿತು. 2017ರ ಡಿಸೆಂಬರ್‌ನಿಂದ ಹೊಸ ನಾಲ್ಕು ಚಕ್ರದ ವಾಹನಗಳಿಗೂ, 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಸುಂಕದ ದ್ವಾರಗಳಲ್ಲಿ ಎಲ್ಲ ನಾಲ್ಕು ಚಕ್ರದ ವಾಹನಗಳಿಗೂ ಫಾಸ್ಟ್ಯಾಗ್ ಕಡ್ಡಾಯವಾಯಿತು.

ಈ ಪುಟ್ಟ ಪಟ್ಟಿಯು ವಾಹನದ ನೋಂದಣಿ ಸಂಖ್ಯೆಯನ್ನು ಒಡೆಯನ ಖಾತೆಯೊಂದಿಗೆ ಬೆಸೆಯುತ್ತದೆ. ಹೀಗೆ ಸುಂಕದವನಿಗೆ ಒಡೆಯನ ಹೆಸರು ತಿಳಿಯಿತು. ಆದ್ದರಿಂದಲೇ ಗಾಡಿ ಮಾರಿದ ಮಾತ್ರಕ್ಕೆ ಈ ಸಂಬಂಧ ಹರಿಯುವುದಿಲ್ಲ. ನಮ್ಮ ಬಳಗದ ಹಿರಿಯರೊಬ್ಬರು ಕಾರು ಮಾರಿ ಮನೆಯಲ್ಲೇ ಕುಳಿತಿದ್ದರೂ, ಕಾಣದ ಊರಿನ ಸುಂಕ ಕಟ್ಟಿದ ಸಂದೇಶಗಳು ಅವರ ಮೊಬೈಲಿಗೆ ಬರುತ್ತಲೇ ಇದ್ದವು. ಪಿಂಚಣಿಯ ಹಣವಷ್ಟೇ ಅಲ್ಲ, ಅವರು ಹೋಗದ ದಾರಿಗಳೂ ಅವರ ಲೆಕ್ಕಕ್ಕೆ ಸೇರುತ್ತಿದ್ದವು.

ಫಾಸ್ಟ್ಯಾಗ್ ಅನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ಮಾರುವವರು ಅದನ್ನು ಕೊಟ್ಟ ಬ್ಯಾಂಕಿಗೆ ತಿಳಿಸಿ ಖಾತೆ ಮುಚ್ಚಿಸಬೇಕು. ಉಳಿದ ಹಣವನ್ನೂ ಭದ್ರತಾ ಠೇವಣಿಯನ್ನೂ ಹಿಂದಕ್ಕೆ ಕೇಳಬೇಕು. ತಾನಾಗಿ ಹಣ ತುಂಬುವ ಏರ್ಪಾಡಿದ್ದರೆ ಅದನ್ನು ರದ್ದುಪಡಿಸಬೇಕು. ಗಾಜಿನ ಮೇಲಿನ ಪಟ್ಟಿಯನ್ನು ಕಿತ್ತು ಹರಿಯಬೇಕು. ಕೊಂಡವರು ತಮ್ಮ ಹೆಸರಿನಲ್ಲಿ ಹೊಸದನ್ನು ಪಡೆಯಬೇಕು.

ಇದಕ್ಕಿಂತ ದೊಡ್ಡದು ನೋಂದಣಿಯ ಮಾತು. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ಅದೇ ರಾಜ್ಯದೊಳಗೆ ಮಾರಿದವರು 14 ದಿನಗಳೊಳಗೆ ವರ್ಗಾವಣೆಯನ್ನು ತಿಳಿಸಬೇಕು. ಕೊಂಡವರಿಗೆ 30 ದಿನಗಳ ಅವಧಿ. ಹೆಸರು ಬದಲಾಗದಿದ್ದರೆ, ಮಾರಿದ ಬಳಿಕ ನಡೆದ ಅಪಘಾತದ ಪರಿಹಾರಕ್ಕೂ ದಾಖಲೆಯ ಒಡೆಯನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ.

ಹಿಂದೆ ಎತ್ತು ಮಾರಿದವರು ಹಗ್ಗವನ್ನು ಕೊಂಡವರ ಕೈಗಿತ್ತರೆ ವ್ಯವಹಾರ ಮುಗಿಯುತ್ತಿತ್ತು. ಈಗ ಬೀಗದ ಕೈ ಕೊಟ್ಟರೆ ಅರ್ಧ ಮಾತ್ರ ಮುಗಿದಂತೆ. ಹಳೆಯ ಕಾರು ಮಾರುವ ಯೋಚನೆಯಲ್ಲಿರುವ ನನ್ನ ಶಿಷ್ಯರೂ ಬಂಧುಗಳೂ ಉಳಿದರ್ಧವನ್ನು ಮರೆಯದಿರಲಿ.