ನಾಯಿಕೆಮ್ಮು: ಹಸುಗೂಸಿಗೆ ತಾಯಿಯ ಪ್ರತಿಕಾಯವೇ ರಕ್ಷೆ

ನಾಯಿಕೆಮ್ಮು ‘ಬೋರ್ಡೆಟೆಲ್ಲಾ ಪರ್ಟುಸಿಸ್’ ಎಂಬ ಬ್ಯಾಕ್ಟೀರಿಯಾದಿಂದ ಹರಡುವ ಶ್ವಾಸಾಂಗದ ಕಾಯಿಲೆ. ದೊಡ್ಡವರನ್ನು ವಾರಗಟ್ಟಲೆ ಕಾಡಿ ಬಿಟ್ಟುಹೋಗುವ ಇದು ಎರಡು-ಮೂರು ತಿಂಗಳೊಳಗಿನ ಕೂಸುಗಳಿಗೆ ಪ್ರಾಣಾಂತಕವಾಗಬಲ್ಲದು. ಹೆಸರಿನಲ್ಲಿ ಕೆಮ್ಮು ಇದ್ದರೂ ಹಸುಗೂಸು ಕೆಮ್ಮದೆಯೇ ಉಸಿರು ನಿಂತು ನೀಲಿಗಟ್ಟುವುದುಂಟು.

ಜಯನಗರದ ಸಾರ್ವಜನಿಕ ಆಸ್ಪತ್ರೆಯಿರಲಿ, ಬನಶಂಕರಿಯ ಖಾಸಗಿ ಚಿಕಿತ್ಸಾಲಯವಿರಲಿ, ಇದನ್ನು ತಡೆಯುವ ಲಸಿಕೆಯ ಮೊದಲ ಡೋಸ್ ಮಗುವಿಗೆ ದೊರೆಯುವುದು ಆರನೇ ವಾರದಲ್ಲಿ. ಬಳಿಕ 10 ಹಾಗೂ 14ನೇ ವಾರಗಳಲ್ಲಿ. ಬಾಣಂತನದ ಮನೆಗೆ ಬಂದವರೆಲ್ಲ ಮಗುವನ್ನು ಎತ್ತಿಕೊಳ್ಳುವುದೂ ಅದಕ್ಕೆ ಮುಂಚಿನ ದಿನಗಳಲ್ಲೇ. ದೊಡ್ಡವರಲ್ಲಿ ಬಾಲ್ಯದ ಲಸಿಕೆಯ ಬಲ ಕುಂದಿರುತ್ತದೆಯಾದ್ದರಿಂದ ಸೋಂಕು ಹೆಚ್ಚಾಗಿ ಮನೆಯವರಿಂದಲೇ ತಗಲುತ್ತದೆ.

ಅಜಿಥ್ರೋಮೈಸಿನ್‌ನಂತಹ ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅದು ಆಗಲೇ ಸ್ರವಿಸಿದ ಜೀವವಿಷವನ್ನು ಮುಟ್ಟಲಾರದು. ಬಿಳಿ ರಕ್ತಕಣಗಳನ್ನು ವಿಪರೀತ ಏರಿಸುವುದು ಆ ವಿಷವೇ. ಅದನ್ನು ಕಟ್ಟಿಹಾಕಬಲ್ಲ ಎರಡು ಪ್ರತಿಕಾಯಗಳನ್ನು ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಜೆನಿಫರ್ ಮೇನಾರ್ಡ್ ತಂಡ ರೂಪಿಸಿತು. ಸೋಂಕು ತಗುಲಿದ ಬಬೂನ್ ಮರಿಗಳು ಇವುಗಳಿಂದ ಬೇಗ ಚೇತರಿಸಿಕೊಂಡವೆಂದು 2015ರಲ್ಲಿ ವರದಿಯಾಯಿತು. ಹೆಚ್ಚು ಕಾಲ ಉಳಿಯುವಂತೆ ಮಾರ್ಪಡಿಸಿದ ಒಂದು ಪ್ರತಿಕಾಯವನ್ನು ಮುಂಚಿತವಾಗಿ ನೀಡಿದರೆ ನವಜಾತ ಬಬೂನ್‌ಗಳಲ್ಲಿ ರೋಗವನ್ನು ತಡೆಯಬಹುದೆಂಬುದು 2020ರಲ್ಲಿ ಪ್ರಕಟವಾದ ಫಲಿತಾಂಶ. ಬಬೂನ್‌ನಿಂದ ಮನುಷ್ಯನವರೆಗಿನ ಹಾದಿ ದೀರ್ಘವಾದುದು. ಬೆಂಗಳೂರಿನ ಔಷಧ ಅಂಗಡಿಗಳಲ್ಲಿ ಇಂತಹ ಚುಚ್ಚುಮದ್ದು ದೊರೆಯದು.

ಅದೇ ಕೆಲಸವನ್ನು ತಾಯಿಯ ದೇಹ ಮಾಡಬಲ್ಲದು. ಗರ್ಭಧಾರಣೆಯ 27ರಿಂದ 36ನೇ ವಾರದೊಳಗೆ ‘ಟಿಡ್ಯಾಪ್’ ಲಸಿಕೆ ಪಡೆದರೆ ಸುಮಾರು ಎರಡು ವಾರಗಳಲ್ಲಿ ತಾಯಿಯಲ್ಲಿ ಪ್ರತಿಕಾಯಗಳು ಹೆಚ್ಚಿ, ಮಾಸುವಿನ ಮೂಲಕ ಶಿಶುವನ್ನು ಸೇರುತ್ತವೆ. ಆ ಪ್ರಮಾಣ ಬೇಗ ಇಳಿಯುವುದರಿಂದ ಪ್ರತಿ ಗರ್ಭಧಾರಣೆಯಲ್ಲೂ ಲಸಿಕೆ ಅಗತ್ಯ. 2012ರಲ್ಲಿ ಶಿಶುಮರಣಗಳ ಬೆನ್ನಲ್ಲೇ ಬ್ರಿಟನ್ ಈ ಕ್ರಮ ಆರಂಭಿಸಿತು. ಎಳೆಯ ಶಿಶುಗಳಿಗೆ ಶೇ 90ರಷ್ಟು ರಕ್ಷಣೆ ದೊರೆತದ್ದು ಅಲ್ಲಿ ಕಂಡುಬಂತು.

ಇಲ್ಲಿ ತೊಡಕಿರುವುದು ಹೆಸರಿನ ಹೋಲಿಕೆಯಲ್ಲಿ. ಸರ್ಕಾರಿ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ಉಚಿತವಾಗಿ ನೀಡುವ ‘ಟಿಡಿ’ ಧನುರ್ವಾಯು ಮತ್ತು ಗಂಟಲಮಾರಿಗಷ್ಟೇ ಮದ್ದು; ಅದರಲ್ಲಿ ನಾಯಿಕೆಮ್ಮಿನ ಅಂಶವಿಲ್ಲ. ತಾಯಿ ಕಾರ್ಡ್‌ನಲ್ಲಿ ಚುಚ್ಚುಮದ್ದು ದಾಖಲಾಗಿದೆಯೆಂದು ನಿಶ್ಚಿಂತರಾಗುವ ಕುಟುಂಬಗಳಿಗೆ ಈ ವ್ಯತ್ಯಾಸ ತಿಳಿದಿರುವುದಿಲ್ಲ. ‘ಟಿಡ್ಯಾಪ್’ ಖಾಸಗಿ ಆಸ್ಪತ್ರೆಗಳಲ್ಲಿ ಹಣ ತೆತ್ತು ಪಡೆಯಬೇಕಾದದ್ದು. ಏಳನೇ ತಿಂಗಳ ತಪಾಸಣೆಯಲ್ಲೇ ವೈದ್ಯರನ್ನು ಈ ಬಗ್ಗೆ ಕೇಳುವುದು ಒಳಿತು. ಕೂಸು ಉಸಿರುಗಟ್ಟಿದಂತೆ ಕಂಡರೆ ಮನೆಮದ್ದಿಗೆ ಕಾಯದೆ, ನಿಮ್ಹಾನ್ಸ್ ಸಮೀಪದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತಹ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಬೇಕು.